ಹಳೆ ಶುಗರ್ ಕಾಯಿಲೆ ಬರೆಯಬೇಡಿ ಅಂತ ರೋಗಿಯ ಮಗ ಕೇಳಿಕೊಂಡರೆ ನರ್ಸ್ ಏನು ಮಾಡಬೇಕು?

ಮೊದಲವರ್ಷ

ನಾನು ನರ್ಸಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ. ವಾರ್ಡ್ ಪೋಸ್ಟಿಂಗ್‌ನಲ್ಲಿ ಒಬ್ಬ ಹಿರಿಯರ ಅಡ್ಮಿಷನ್ ಅಸೆಸ್‌ಮೆಂಟ್ ಮಾಡುತ್ತಿದ್ದೆ. ಕಾಲಿನ ಗಾಯಕ್ಕೆ ಸೋಂಕು ತಗುಲಿ ಬಂದವರು. ಮಾತಿನ ಮಧ್ಯೆ ಅವರೇ ಹೇಳಿದರು, "ಐದಾರು ವರ್ಷದಿಂದ ಶುಗರ್ ಇದೆ, ಮಾತ್ರೆ ನಿಲ್ಲಿಸಿಬಿಟ್ಟೆ" ಅಂತ. ಅದನ್ನೇ ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ಮಗ ಬಂದು, "ಸಿಸ್ಟರ್, ಅದನ್ನು ಬರೆಯಬೇಡಿ. ಈಗಲೇ ಗೊತ್ತಾಯಿತು ಅಂತ ಹಾಕಿ. ಇಲ್ಲದಿದ್ದರೆ ವಿಮೆ ಸಿಗುವುದಿಲ್ಲ, ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ" ಅಂದರು.

ನಾನು ಏನನ್ನೂ ಬದಲಿಸಲಿಲ್ಲ. ಸ್ಟಾಫ್ ನರ್ಸ್‌ಗೆ ಹೇಳಿದೆ. ಅವರು "ಬರೆದದ್ದು ಹಾಗೇ ಇರಲಿ" ಅಂದು ಬೇರೆ ಕೆಲಸಕ್ಕೆ ಹೋದರು. ಆದರೆ ಮನಸ್ಸಿಗೆ ಸಮಾಧಾನವಿಲ್ಲ. ರೋಗಿಗೆ ಒಳಿತು ಮಾಡು, ಕೇಡು ಮಾಡಬೇಡ ಅಂತ ಕ್ಲಾಸಿನಲ್ಲಿ ಕಲಿಸುತ್ತಾರೆ. ನಾನು ಬರೆದ ಒಂದು ವಾಕ್ಯದಿಂದ ಆ ಮನೆ ಸಾಲಕ್ಕೆ ಬಿದ್ದರೆ ಅದು ಕೇಡಲ್ವಾ? ಸತ್ಯಕ್ಕೂ ಒಳಿತಿಗೂ ಜಗಳ ಬಂದರೆ ಯಾವುದನ್ನು ಹಿಡಿಯಬೇಕು?

ಇನ್ನೊಂದು ವಿಷಯ. ವಿಮೆಯ ಬಗ್ಗೆ ನಮಗೆ ಯಾರೂ ಏನೂ ಕಲಿಸಿಲ್ಲ. ಡಿಡಕ್ಟಿಬಲ್, ಕೋ-ಪೇ ಇವೆಲ್ಲ ಏನು? ತಿಳಿದವರು ಹೇಳಿ.

ರಾತ್ರಿಪಾಳಿ

ಬರೆದದ್ದು ನೂರಕ್ಕೆ ನೂರು ಸರಿ. ವಿಮೆಯ ಮಾತು ಆಮೇಲೆ. ಮೊದಲು ಆ ರೋಗಿಯ ರಾತ್ರಿಯನ್ನು ಯೋಚಿಸು.

ಸೋಂಕು ಇದ್ದರೆ ಸಕ್ಕರೆ ತಾನಾಗಿಯೇ ಏರುತ್ತದೆ. ಗಾಯ ಸ್ವಚ್ಛ ಮಾಡಲು ಆಪರೇಷನ್ ಅಂದರೆ ಹೊಟ್ಟೆ ಖಾಲಿ ಇರಬೇಕು, ಆಗ ಇನ್ಸುಲಿನ್ ಲೆಕ್ಕ ಬೇರೆ. ಯಾವುದೋ ಕಾರಣಕ್ಕೆ ಸ್ಟೀರಾಯ್ಡ್ ಕೊಟ್ಟರೆ ಸಕ್ಕರೆ ಇನ್ನೂ ಮೇಲೆ ಹೋಗುತ್ತದೆ. ವರ್ಷಗಟ್ಟಲೆ ಶುಗರ್ ಇದ್ದವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು, ಕಿಡ್ನಿಗೆ ಪೆಟ್ಟು ಬಿದ್ದಿರಬಹುದು. ಆ್ಯಂಟಿಬಯಾಟಿಕ್ ಡೋಸ್ ಹಾಕುವವರಿಗೆ ಕಿಡ್ನಿಯ ವಿಷಯ ಬೇಕೇ ಬೇಕು. "ಈಗಲೇ ಗೊತ್ತಾಯಿತು" ಅಂತ ಬರೆದರೆ ಮುಂದಿನ ಪಾಳಿಯವರು ಇದನ್ನೆಲ್ಲ ಹುಡುಕುವುದೇ ಇಲ್ಲ. ಸುಳ್ಳು ದಾಖಲೆಯ ಮೊದಲ ಪೆಟ್ಟು ರೋಗಿಗೇ ಬೀಳುತ್ತದೆ, ಕಂಪನಿಗಲ್ಲ.

ಬಿಲ್ಲಿಂಗ್‌ಮೇಜು

ನಾನು ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಆ ಮಗನ ಭಯ ಅರ್ಥವಾಗುತ್ತದೆ, ಆದರೆ ಅವರು ಕೇಳಿದ ದಾರಿ ಅವರಿಗೇ ಅಪಾಯ.

ಹಳೆ ಕಾಯಿಲೆ ಇದ್ದ ಮಾತ್ರಕ್ಕೆ ವಿಮೆ ಸಿಗುವುದಿಲ್ಲ ಅಂತಲ್ಲ. ಎಷ್ಟೋ ಪಾಲಿಸಿಗಳಲ್ಲಿ ಕಾಯುವ ಅವಧಿ ಅಂತ ಇರುತ್ತದೆ. ಪಾಲಿಸಿ ತೆಗೆದುಕೊಂಡು ಅಷ್ಟು ಕಾಲ ಕಳೆದ ಮೇಲೆ ಹಳೆ ಕಾಯಿಲೆಗೂ ರಕ್ಷಣೆ ಸಿಗುತ್ತದೆ. ಇವರ ಅವಧಿ ಮುಗಿದಿದೆಯೋ ಇಲ್ಲವೋ ಯಾರಾದರೂ ನೋಡಿದ್ದಾರಾ? ಪಾಲಿಸಿ ತೆಗೆದುಕೊಳ್ಳುವಾಗ ಶುಗರ್ ಇದೆ ಅಂತ ಹೇಳಿದ್ದರಾ? ಹೇಳಿದ್ದರೆ ಈಗ ಮುಚ್ಚಿಡುವ ಅಗತ್ಯವೇ ಇಲ್ಲ. ಹೇಳಿಲ್ಲದಿದ್ದರೆ, ಈಗ ಇನ್ನೊಂದು ಸುಳ್ಳು ಸೇರಿಸಿದರೆ ಈ ಒಂದು ಕ್ಲೇಮ್ ಅಲ್ಲ, ಇಡೀ ಪಾಲಿಸಿಯೇ ರದ್ದಾಗಬಹುದು.

ಮತ್ತೆ ದಾಖಲೆ ಒಂದೇ ಕಡೆ ಇರುವುದಿಲ್ಲ. ಹಳೆ ಪ್ರಿಸ್ಕ್ರಿಪ್ಷನ್, ಲ್ಯಾಬ್ ರಿಪೋರ್ಟ್, ಡಾಕ್ಟರ್ ನೋಟ್ಸ್ ಎಲ್ಲ ಇರುತ್ತವೆ. ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆಯಲ್ಲಿ ಸಂಖ್ಯೆ ಜಾಸ್ತಿ ಬಂದರೆ ಶುಗರ್ ಹಳೆಯದು ಅಂತ ಕಂಪನಿಗೆ ಗೊತ್ತಾಗಿಬಿಡುತ್ತದೆ.

ಲ್ಯಾಬ್‌ಕಿಟಕಿ

ಬಿಲ್ಲಿಂಗ್‌ಮೇಜು ಅವರೇ, ಕೊನೆಯ ಮಾತು ತಪ್ಪು. ಎಚ್‌ಬಿಎ1ಸಿ ಹೇಳುವುದು ಹಿಂದಿನ 2-3 ತಿಂಗಳ ಸರಾಸರಿ ಸಕ್ಕರೆ ಮಾತ್ರ. ಐದು ವರ್ಷ ಹಳೆಯದೋ ಐದು ತಿಂಗಳದ್ದೋ ಅದು ಹೇಳುವುದಿಲ್ಲ. ಟೈಪ್ 2 ಶುಗರ್ ವರ್ಷಗಟ್ಟಲೆ ಗೊತ್ತಾಗದೆ ಒಳಗೇ ಇರಬಹುದು. ಆಸ್ಪತ್ರೆಗೆ ಬಂದ ದಿನವೇ ಗೊತ್ತಾಗುವವರು ನಿಜವಾಗಿಯೂ ಇದ್ದಾರೆ. ಅವರನ್ನು ಸುಳ್ಳುಗಾರರು ಅನ್ನಬಾರದು.

ಬಿಲ್ಲಿಂಗ್‌ಮೇಜು

ಸರಿ, ಒಪ್ಪಿದೆ. ಮುಚ್ಚಿಟ್ಟಿದ್ದಾರೆ ಅನ್ನಬೇಕಾದರೆ ಅವರಿಗೆ ಗೊತ್ತಿತ್ತು ಅಂತ ಸಾಬೀತಾಗಬೇಕು. ಸಂಖ್ಯೆ ಒಂದೇ ಸಾಲದು. ಇಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದೆ ಅಂತ ರೋಗಿಯೇ ಹೇಳಿದ್ದಾರೆ, ಅದು ಬೇರೆ ಮಾತು.

ಕೆಂಪುಪೆನ್ನು

ಎಲ್ಲರೂ ಕಂಪನಿ ಪರ ಮಾತಾಡುತ್ತಿದ್ದೀರಿ. ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿಸಿಕೊಂಡು, ಕಾಯಿಲೆ ಬಂದಾಗ ಕಾರಣ ಹುಡುಕುವುದು ನ್ಯಾಯನಾ? ನೀತಿಶಾಸ್ತ್ರದಲ್ಲಿ ನ್ಯಾಯ ಅಂತ ಒಂದು ತತ್ವ ಇದೆ ಅಲ್ವಾ? ಅದು ಬಡವರಿಗೆ ಅನ್ವಯಿಸುವುದಿಲ್ಲವೇ? ನಾನಾಗಿದ್ದರೆ "ಅವಧಿ ತಿಳಿದಿಲ್ಲ" ಅಂತ ಬರೆದು ಬಿಡುತ್ತಿದ್ದೆ. ಅದು ಸುಳ್ಳೂ ಅಲ್ಲ.

ಟ್ಯೂಟರ್‌ಅಕ್ಕ

ಕೆಂಪುಪೆನ್ನು, ಅದು ಸುಳ್ಳೇ. ರೋಗಿ ಐದಾರು ವರ್ಷ ಅಂದಿದ್ದಾರೆ, ಕೇಳಿಸಿಕೊಂಡವಳಿಗೆ ಅವಧಿ ತಿಳಿದಿದೆ.

ನಾನು ನರ್ಸಿಂಗ್ ಫೌಂಡೇಶನ್ ಪಾಠ ಮಾಡುತ್ತೇನೆ. ಮೊದಲವರ್ಷ ಕೇಳಿದ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಪುಸ್ತಕದಲ್ಲಿ ಓದುವ ನಾಲ್ಕು ತತ್ವಗಳು, ಅಂದರೆ ಸ್ವಾಯತ್ತತೆ (ತನ್ನ ವಿಷಯ ತಾನೇ ತೀರ್ಮಾನಿಸುವ ಹಕ್ಕು), ಒಳಿತು ಮಾಡುವುದು, ಕೇಡು ಮಾಡದಿರುವುದು, ನ್ಯಾಯ, ಇವನ್ನು ಒಟ್ಟಿಗೆ ಇಟ್ಟವರು ಬೀಚಮ್ ಮತ್ತು ಚಿಲ್ಡ್ರೆಸ್, 1979ರಲ್ಲಿ. ಅವರು ಯಾವುದಕ್ಕೂ ಒಂದನೇ ರ‍್ಯಾಂಕ್ ಕೊಟ್ಟಿಲ್ಲ. ಪ್ರತಿಯೊಂದನ್ನೂ ಪಾಲಿಸಬೇಕು, ಇನ್ನೊಂದರ ಜೊತೆ ತಾಕಲಾಟ ಬಂದಾಗ ಆ ಸಂದರ್ಭ ನೋಡಿ ತೂಗಬೇಕು. ಹಾಗಾಗಿ "ಯಾವುದು ಮೇಲು" ಅನ್ನುವ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರ ಇಲ್ಲ. ಸತ್ಯ ನುಡಿಯುವುದು, ಮಾತು ಉಳಿಸಿಕೊಳ್ಳುವುದು, ಗುಟ್ಟು ಕಾಪಾಡುವುದು ಇವನ್ನೂ ನರ್ಸಿಂಗ್‌ನಲ್ಲಿ ಸೇರಿಸಿ ಕಲಿಸುತ್ತೇವೆ.

ಆದರೆ ತೂಗುವ ಮೊದಲು ಒಂದು ಕೇಳುತ್ತೇನೆ. ಇಲ್ಲಿ ಸ್ವಾಯತ್ತತೆ ಯಾರದು? ರೋಗಿಯದು. ಕೇಳಿಕೊಂಡವರು ಯಾರು? ಮಗ. ತಂದೆ ಎಚ್ಚರವಾಗಿದ್ದಾರೆ, ಮಾತಾಡುತ್ತಾರೆ, ತಾವೇ ಬಾಯಿಬಿಟ್ಟು ಹೇಳಿದ್ದಾರೆ. ಅವರಿಗೆ ಏನು ಬೇಕು ಅಂತ ಇಷ್ಟು ಉತ್ತರಗಳಲ್ಲಿ ಯಾರೂ ಕೇಳಿಲ್ಲ. ಅಷ್ಟೇ ಅಲ್ಲ, ತಂದೆಯ ಕಾಯಿಲೆಯ ವಿವರವನ್ನು ಮಗನ ಜೊತೆ ಚರ್ಚಿಸಲು ತಂದೆಯ ಒಪ್ಪಿಗೆ ಇದೆಯಾ? ಮನೆಯವರು ಅಂದ ಮಾತ್ರಕ್ಕೆ ಎಲ್ಲವನ್ನೂ ಹೇಳುವ ಹಾಗಿಲ್ಲ.

ಮೊದಲವರ್ಷ

ಅಕ್ಕಾ, ಮಗ ಅತ್ತಾಗ ಆ ಯೋಚನೆಯೇ ಬರಲಿಲ್ಲ. ತಂದೆಯ ಹತ್ತಿರ ಮಾತಾಡಬಹುದಾ? ಅದು ನಮ್ಮ ಕೆಲಸವಾ?

ಟ್ಯೂಟರ್‌ಅಕ್ಕ

ನಿನ್ನ ಮೇಲ್ವಿಚಾರಕರ ಜೊತೆ ಹೋಗಿ ಖಂಡಿತ ಮಾತಾಡಬಹುದು. ಅದೇ ನಿನ್ನ ಕೆಲಸ.

ಪ್ರಶ್ನೆಚಿಹ್ನೆ

ಒಂದು ವಿಷಯ ಯಾರೂ ಎತ್ತಲಿಲ್ಲ. ಅವರು ಮಾತ್ರೆ ನಿಲ್ಲಿಸಿದ್ದು ಯಾಕೆ? ಅಸೆಸ್‌ಮೆಂಟ್ ಅಂದರೆ ಕಾಲಂ ತುಂಬುವುದಲ್ಲ. ದುಡ್ಡು ಸಾಲದೆ ನಿಲ್ಲಿಸಿದರಾ, ಮಾತ್ರೆಯಿಂದ ಹೊಟ್ಟೆ ಕೆಟ್ಟಿತಾ, ವಾಸಿಯಾಯಿತು ಅಂದುಕೊಂಡರಾ, ಇಲ್ಲಾ ಮರೆವು ಶುರುವಾಗಿದೆಯಾ? ನಾಲ್ಕಕ್ಕೂ ಪ್ಲಾನ್ ಬೇರೆ ಬೇರೆ.

ಮೆಡಿಕಲ್ ಡಯಾಗ್ನೋಸಿಸ್ ಡಾಕ್ಟರದು, ಅದು "ಮಧುಮೇಹ". ನರ್ಸಿಂಗ್ ಡಯಾಗ್ನೋಸಿಸ್ ನಮ್ಮದು. ಸಕ್ಕರೆ ಮಟ್ಟ ಏರುಪೇರಾಗುವ ಅಪಾಯ, ಚರ್ಮಕ್ಕೆ ಹಾನಿ, ಚಿಕಿತ್ಸೆಯ ಬಗ್ಗೆ ತಿಳಿವಳಿಕೆ ಸಾಲದಿರುವುದು, ಹೀಗೆ. ಕಾರಣ ಕೇಳದೆ ಇವನ್ನು ಬರೆಯಲು ಆಗುವುದೇ ಇಲ್ಲ. ಅಸೆಸ್‌ಮೆಂಟ್, ಡಯಾಗ್ನೋಸಿಸ್, ಪ್ಲಾನಿಂಗ್, ಇಂಪ್ಲಿಮೆಂಟೇಶನ್, ಇವ್ಯಾಲ್ಯುಯೇಶನ್ ಅಂತ ಐದು ಹೆಜ್ಜೆ ಬಾಯಿಪಾಠ ಮಾಡುತ್ತೇವೆ. ಮೊದಲ ಹೆಜ್ಜೆಯಲ್ಲೇ ಅರ್ಧ ಕೇಳಿ ನಿಲ್ಲಿಸಿದರೆ ಉಳಿದ ನಾಲ್ಕೂ ಅರ್ಧವೇ.

ರಾತ್ರಿಪಾಳಿ

ಇದು ಒಳ್ಳೆಯ ಮಾತು. ಡಿಸ್ಚಾರ್ಜ್ ಆಗಿ ಮತ್ತೆ ಅದೇ ಕಾಲು ಹಿಡಿದುಕೊಂಡು ಬರುವವರನ್ನು ನೋಡಿ ನೋಡಿ ಸಾಕಾಗಿದೆ. ಮಾತ್ರೆ ಬಿಟ್ಟ ಕಾರಣವನ್ನು ಯಾರೂ ಕೇಳಿರುವುದಿಲ್ಲ.

ಪರೀಕ್ಷೆಹತ್ತಿರ

ವಿಷಯ ಬೇರೆ ಆದರೂ ಕೇಳುತ್ತೇನೆ. ಈ ನರ್ಸಿಂಗ್ ಥಿಯರಿಗಳು, ಓರೆಮ್, ಹೆಂಡರ್ಸನ್, ಪೆಪ್ಲಾವ್, ಇವೆಲ್ಲ ಇಂಥ ವಾರ್ಡಿನಲ್ಲಿ ಯಾವ ಕೆಲಸಕ್ಕೆ ಬರುತ್ತವೆ? ಮಾರ್ಕ್ಸ್‌ಗೆ ಬಿಟ್ಟರೆ ಬೇರೆ ಉಪಯೋಗ ನನಗೆ ಕಾಣಿಸುತ್ತಿಲ್ಲ.

ಟ್ಯೂಟರ್‌ಅಕ್ಕ

ವಿಷಯ ಬೇರೆಯಲ್ಲ, ಇದೇ ರೋಗಿಯ ಮೇಲೆ ಇಟ್ಟು ನೋಡು.

ಡೊರೊಥಿಯಾ ಓರೆಮ್ ಹೇಳುವುದು ಸ್ವಂತ ಆರೈಕೆಯ ಬಗ್ಗೆ. ಮನುಷ್ಯ ತನ್ನ ಆರೈಕೆ ತಾನೇ ಮಾಡಿಕೊಳ್ಳಲು ಎಲ್ಲಿ ಆಗುವುದಿಲ್ಲವೋ ಅಲ್ಲಿ ನರ್ಸ್ ಬೇಕು. ಆಪರೇಷನ್ ಆದ ತಕ್ಷಣ ಎಲ್ಲವನ್ನೂ ನಾವೇ ಮಾಡುತ್ತೇವೆ. ಚೇತರಿಸಿಕೊಳ್ಳುವಾಗ ಅರ್ಧ ಅವರು, ಅರ್ಧ ನಾವು. ಮನೆಗೆ ಹೋಗುವ ಹೊತ್ತಿಗೆ ಕಲಿಸುವುದು, ಧೈರ್ಯ ಹೇಳುವುದು ಮಾತ್ರ ನಮ್ಮದು. ದಿನಾ ಪಾದ ನೋಡಿಕೊಳ್ಳುವುದನ್ನು ಅವರ ಕೈಯಲ್ಲೇ ಮಾಡಿಸದೆ ಕಳಿಸಿದರೆ ನಮ್ಮ ಕೆಲಸ ಮುಗಿದಿಲ್ಲ.

ಪೆಪ್ಲಾವ್ 1952ರಲ್ಲೇ ನರ್ಸ್ ಮತ್ತು ರೋಗಿಯ ಸಂಬಂಧವೇ ಚಿಕಿತ್ಸೆಯ ಭಾಗ ಅಂತ ವಾದಿಸಿದರು. ಅಪರಿಚಿತಳಾದ ವಿದ್ಯಾರ್ಥಿನಿಗೆ ಆ ಹಿರಿಯರು ಮಾತ್ರೆ ಬಿಟ್ಟ ವಿಷಯ ಹೇಳಿದರು ಅಂದರೆ ಅಲ್ಲಿ ನಂಬಿಕೆ ಹುಟ್ಟಿತ್ತು. ಮಗನ ಮಾತು ಕೇಳಿ ತಿದ್ದಿದ್ದರೆ ಆ ನಂಬಿಕೆಗೆ ಏನಾಗುತ್ತಿತ್ತು, ಯೋಚಿಸು. ವರ್ಜೀನಿಯಾ ಹೆಂಡರ್ಸನ್ ಹೇಳಿದ 14 ಮೂಲ ಅಗತ್ಯಗಳನ್ನು ಅಸೆಸ್‌ಮೆಂಟ್‌ಗೆ ಚೆಕ್‌ಲಿಸ್ಟ್ ಮಾಡಿಕೋ, ಉಸಿರಾಟದಿಂದ ಹಿಡಿದು ಕಲಿಯುವವರೆಗೆ ಎಲ್ಲ ಬರುತ್ತದೆ.

ಪರೀಕ್ಷೆಹತ್ತಿರ

ಇದು ಅರ್ಥವಾಯಿತು. ನೈಟಿಂಗೇಲ್ ಬಗ್ಗೆಯೂ ಹೇಳಿ. ಕ್ರಿಮಿಯನ್ ಯುದ್ಧದಲ್ಲಿ ಟರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದ ಕೂಡಲೇ ಸಾವು ಕಡಿಮೆ ಮಾಡಿದರು ಅಂತ ಬರೆದರೆ ಸಾಕಲ್ವಾ?

ಲ್ಯಾಬ್‌ಕಿಟಕಿ

ಸಾಲದು. ನೈಟಿಂಗೇಲ್ ಸ್ಕುಟಾರಿಗೆ ಹೋದದ್ದು 1854ರ ನವೆಂಬರ್‌ನಲ್ಲಿ. ಆ ಚಳಿಗಾಲದಲ್ಲಿ ಸಾವು ಇನ್ನೂ ಏರಿತು. 1855ರ ಮಾರ್ಚ್‌ನಲ್ಲಿ ಸ್ಯಾನಿಟರಿ ಕಮಿಷನ್ ಬಂದು ಚರಂಡಿ, ಗಾಳಿ, ನೀರು ಸರಿಪಡಿಸಿದ ಮೇಲೆ ಇಳಿಯಿತು. ಯುದ್ಧ ಮುಗಿದ ಮೇಲೆ ನೈಟಿಂಗೇಲ್ ಅಂಕಿಅಂಶ ಕೂಡಿಸಿ, ಸೈನಿಕರು ಸತ್ತದ್ದು ಗಾಯಕ್ಕಿಂತ ಜಾಸ್ತಿ ತಡೆಯಬಹುದಾದ ಕಾಯಿಲೆಗಳಿಂದ ಅಂತ ಚಿತ್ರ ಬರೆದು ತೋರಿಸಿದರು. ಎಲ್ಲರೂ ಅವರನ್ನು ದೀಪ ಹಿಡಿದ ಮಹಿಳೆ ಅನ್ನುತ್ತಾರೆ, ಆ ಲೆಕ್ಕವೇ ನನಗೆ ದೀಪಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ಶುರುವಾಯಿತು. ಹೀಗೆ ಬರೆ.

ಮೊದಲವರ್ಷ

ಬಿಲ್ಲಿಂಗ್‌ಮೇಜು ಅವರೇ, ವಿಮೆಯ ಆ ಪದಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಬಿಲ್ಲಿಂಗ್‌ಮೇಜು

ಒಂದು ಲೆಕ್ಕ ಇಟ್ಟುಕೊಂಡೇ ಹೇಳುತ್ತೇನೆ, ಆಗ ಮರೆಯುವುದಿಲ್ಲ.

ಪ್ರೀಮಿಯಂ ಅಂದರೆ ಕಾಯಿಲೆ ಬರಲಿ ಬಿಡಲಿ ಕಟ್ಟುವ ಹಣ. ಈಗ ಆಸ್ಪತ್ರೆ ಬಿಲ್ 1000 ಆಯಿತು ಅಂದುಕೊಳ್ಳೋಣ. ಪಾಲಿಸಿಯ ಡಿಡಕ್ಟಿಬಲ್ 200 ಇದ್ದರೆ ಮೊದಲ 200 ಪೂರ್ತಿ ರೋಗಿಯದು. ಉಳಿದದ್ದು 800. ಕೋ-ಇನ್ಶೂರೆನ್ಸ್ ಶೇ. 20 ಇದ್ದರೆ ಅದರಲ್ಲಿ 160 ರೋಗಿಯದು, 640 ಕಂಪನಿಯದು. ರೋಗಿಯ ಒಟ್ಟು ಹೊರೆ 360. ಕೆಲವು ಪಾಲಿಸಿಗಳಲ್ಲಿ ರೋಗಿಯ ಕೈಯಿಂದ ಹೋಗುವ ಹಣಕ್ಕೆ ವಾರ್ಷಿಕ ಮಿತಿ ಇರುತ್ತದೆ. ಆ ಮಿತಿ 300 ಅಂತಿದ್ದರೆ ರೋಗಿ 300 ಕಟ್ಟಿದರೆ ಸಾಕು, ಉಳಿದ 700 ಕಂಪನಿಯದು. ಕೋ-ಪೇ ಅಂದರೆ ಪ್ರತಿ ಭೇಟಿಗೆ ಅಥವಾ ಔಷಧಕ್ಕೆ ಕಟ್ಟುವ ನಿಗದಿತ ಮೊತ್ತ. ಕೆಲವು ದೇಶಗಳಲ್ಲಿ ಶೇಕಡಾ ಪಾಲಿಗೂ ಅದೇ ಹೆಸರು ಬಳಸುತ್ತಾರೆ, ಹಾಗಾಗಿ ಪಾಲಿಸಿ ಓದಿಯೇ ಹೇಳಬೇಕು.

ಇನ್ನು ಪ್ರೀ-ಆಥರೈಸೇಶನ್. ಚಿಕಿತ್ಸೆಗೆ ಮೊದಲೇ ಕಂಪನಿಯ ಅನುಮತಿ ಪಡೆಯುವುದು. ಅನುಮತಿ ಸಿಕ್ಕಿತು ಅಂದರೆ ಹಣ ಖಚಿತ ಅಂತಲ್ಲ, ಕೊನೆಗೆ ದಾಖಲೆ ನೋಡಿ ಕಡಿತ ಮಾಡಬಹುದು. ಈ ಒಂದು ಮಾತು ಗೊತ್ತಿಲ್ಲದೆ ಡಿಸ್ಚಾರ್ಜ್ ದಿನ ಜಗಳ ಆಗುವುದನ್ನು ಬಹಳ ನೋಡಿದ್ದೇನೆ.

ಕೆಂಪುಪೆನ್ನು

ಲೆಕ್ಕ ಚೆನ್ನಾಗಿದೆ. ನನ್ನ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಕಾಯಿಲೆ ಇರುವವನನ್ನೇ ಹೊರಗಿಡುವ ವಿಮೆ ಯಾರಿಗಾಗಿ?

ಸಾರ್ವಜನಿಕಆರೋಗ್ಯ

ಕೆಂಪುಪೆನ್ನು ಕೇಳುವುದರಲ್ಲಿ ತಿರುಳಿದೆ, ಆದರೆ ಉತ್ತರ ರೋಗಿಯ ಫೈಲಿನಲ್ಲಿ ಇಲ್ಲ.

ವಿಮೆ ನಿಂತಿರುವುದು ಹಂಚಿಕೆಯ ಮೇಲೆ. ಆರೋಗ್ಯವಾಗಿರುವವರ ಹಣದಿಂದ ಕಾಯಿಲೆಯವರ ಖರ್ಚು. ಕಾಯಿಲೆ ಬಂದ ಮೇಲೆ ಮಾತ್ರ ಜನ ಸೇರಿದರೆ ಪ್ರೀಮಿಯಂ ಏರುತ್ತದೆ, ಆರೋಗ್ಯವಂತರು ಬಿಟ್ಟುಹೋಗುತ್ತಾರೆ, ಮತ್ತೆ ಏರುತ್ತದೆ. ಇದನ್ನೇ ಅಡ್ವರ್ಸ್ ಸೆಲೆಕ್ಷನ್ ಅನ್ನುತ್ತಾರೆ. ಖಾಸಗಿ ಕಂಪನಿಗಳು ಕಾಯುವ ಅವಧಿ ಇಡುವುದು ಇದರ ಭಯದಿಂದ.

ಇದಕ್ಕೆ ಬೇರೆ ದಾರಿ ಹಿಡಿದ ದೇಶಗಳಿವೆ. ಜರ್ಮನಿಯಲ್ಲಿ ಚಾನ್ಸಲರ್ ಬಿಸ್ಮಾರ್ಕ್ ಕಾಲದಲ್ಲಿ, 1883ರಲ್ಲಿ, ಕಾರ್ಮಿಕರಿಗೆ ಕಡ್ಡಾಯ ಆರೋಗ್ಯ ವಿಮೆ ಬಂತು, ಮಾಲೀಕ ಮತ್ತು ಕಾರ್ಮಿಕ ಇಬ್ಬರೂ ಕಟ್ಟಬೇಕು. ಬ್ರಿಟನ್ 1948ರಲ್ಲಿ ತೆರಿಗೆ ಹಣದಿಂದ ನಡೆಯುವ ಎನ್‌ಎಚ್‌ಎಸ್ ಅನ್ನುವ ರಾಷ್ಟ್ರೀಯ ಆರೋಗ್ಯ ಸೇವೆ ಶುರು ಮಾಡಿತು. ಅಲ್ಲಿ ಹಳೆ ಕಾಯಿಲೆ ಇದ್ದರೆ ಚಿಕಿತ್ಸೆ ಇಲ್ಲ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಅಮೆರಿಕದಲ್ಲೂ 2014ರಿಂದ ಹೊಸ ಆರೋಗ್ಯ ವಿಮಾ ಯೋಜನೆಗಳು ಹಳೆ ಕಾಯಿಲೆ ಇದೆ ಅಂತ ಬೇಡ ಅನ್ನುವಂತಿಲ್ಲ. ಅಂದರೆ ನಿಯಮ ಬದಲಾಗಬಹುದು, ಬದಲಾಗಿದೆ. ನರ್ಸ್ ಸಂಘಟನೆಗಳು ಅದಕ್ಕೆ ಗಟ್ಟಿಯಾಗಿ ಮಾತಾಡಬೇಕು. ನರ್ಸ್‌ಗಳ ಅಂತರರಾಷ್ಟ್ರೀಯ ಸಂಘಟನೆ ಐಸಿಎನ್‌ನ ನೀತಿಸಂಹಿತೆ ಮೊದಲು ಬಂದದ್ದು 1953ರಲ್ಲಿ, 2021ರ ಆವೃತ್ತಿಯಲ್ಲಿ ಜಾಗತಿಕ ಆರೋಗ್ಯ ಅಂತ ಒಂದು ಭಾಗವೇ ಇದೆ. ವಕಾಲತ್ತು ಅಲ್ಲಿ ಮಾಡೋಣ. ಒಬ್ಬ ವಿದ್ಯಾರ್ಥಿನಿಯ ಪೆನ್ನಿನ ಮೇಲೆ ವ್ಯವಸ್ಥೆಯ ಭಾರ ಹೊರಿಸಬೇಡಿ.

ಕೆಂಪುಪೆನ್ನು

ವ್ಯವಸ್ಥೆ ಬದಲಾಗುವವರೆಗೆ ಈ ರೋಗಿ ಏನು ಮಾಡಬೇಕು? ಕರುಣೆ ಇರುವ ನರ್ಸ್ ನಿಯಮ ನೋಡುತ್ತಾ ಕೂರಬಾರದು.

ಹಳೆಸಿಸ್ಟರ್

ಕರುಣೆ ಇದ್ದರೆ ಸಾಕು ಅನ್ನುವುದಕ್ಕೆ ಉತ್ತರವಾಗಿ ಒಂದು ನಿಜವಾದ ಕಥೆ ಹೇಳುತ್ತೇನೆ. ಉದ್ದ ಇದೆ, ದಯವಿಟ್ಟು ಓದಿ.

ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಲ್ಲಿ ಸರ್ಕಾರದ ಆರೋಗ್ಯ ಇಲಾಖೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗದ ಬಗ್ಗೆ ಒಂದು ಅಧ್ಯಯನ ಶುರು ಮಾಡಿತು. ಸುಮಾರು 600 ಕಪ್ಪು ಜನಾಂಗದ ಬಡ ಗಂಡಸರು, ಅವರಲ್ಲಿ 399 ಜನರಿಗೆ ಸಿಫಿಲಿಸ್. ಕಾಯಿಲೆಯ ಹೆಸರನ್ನೇ ಅವರಿಗೆ ಸರಿಯಾಗಿ ಹೇಳಲಿಲ್ಲ, "ಕೆಟ್ಟ ರಕ್ತ" ಅಂದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದು ಸಿಫಿಲಿಸ್ ವಾಸಿಯಾಗುವ ಕಾಯಿಲೆ ಆಯಿತು. ಇವರಿಗೆ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆಯೇ ಅದು ನಿಂತದ್ದು.

ಆ ಇಡೀ ಅಧ್ಯಯನವನ್ನು ಊರಿನ ಜನರ ಜೊತೆ ಬೆಸೆದಿದ್ದವರು ಯೂನಿಸ್ ರಿವರ್ಸ್ ಅನ್ನುವ ನರ್ಸ್. ಅವರೂ ಕಪ್ಪು ಜನಾಂಗದವರೇ. ಡಾಕ್ಟರುಗಳು ಬದಲಾಗುತ್ತಿದ್ದರು, ಅವರು ಮಾತ್ರ ಉಳಿದರು. ತಮ್ಮ ಕಾರಿನಲ್ಲಿ ಗಂಡಸರನ್ನು ತಪಾಸಣೆಗೆ ಕರೆದುಕೊಂಡು ಹೋಗುತ್ತಿದ್ದರು, ಮನೆಗಳಿಗೆ ಹೋಗಿ ವಿಚಾರಿಸುತ್ತಿದ್ದರು. ಮರಣೋತ್ತರ ಪರೀಕ್ಷೆಗೆ ಒಪ್ಪಿದರೆ ಅಂತ್ಯಕ್ರಿಯೆಯ ಖರ್ಚು ಸಿಗುತ್ತದೆ ಅನ್ನುವ ಏರ್ಪಾಟಿತ್ತು. ಆ ಒಪ್ಪಿಗೆಯನ್ನು ಮನೆಯವರಿಂದ ಪಡೆದವರೂ ಅವರೇ. ಜನ ಅವರನ್ನು ನಂಬಿದ್ದರು. ಅವರಿಗೆ ಆ ಜನರ ಮೇಲೆ ಪ್ರೀತಿ ಇರಲಿಲ್ಲ ಅಂತ ನಾನು ಹೇಳಲಾರೆ. ಆದರೆ ರೋಗಿಗೆ ತಿಳಿಯಬೇಕಾದ ಸತ್ಯ ತಿಳಿಯಲಿಲ್ಲ. ನರ್ಸ್ ಮೇಲಿನ ಆ ನಂಬಿಕೆಯೇ ಆ ಗಂಡಸರನ್ನು ಅಲ್ಲಿ ಹಿಡಿದಿಟ್ಟಿತು.

ಈ ಪ್ರಕರಣದ ಬಿಸಿಯಿಂದಲೇ 1974ರಲ್ಲಿ ಅಮೆರಿಕದಲ್ಲಿ ಮನುಷ್ಯರ ಮೇಲಿನ ಸಂಶೋಧನೆಗೆ ಕಾನೂನು ಬಂತು, 1979ರಲ್ಲಿ ಅಂಥ ಸಂಶೋಧನೆಯ ನೀತಿತತ್ವಗಳನ್ನು ಹೇಳುವ ಬೆಲ್ಮಾಂಟ್ ವರದಿ ಬಂತು. ನಮ್ಮ ವೃತ್ತಿಯಲ್ಲಿ ಪ್ರೀತಿ ಬೇಕು. ಸತ್ಯವನ್ನು ಬಿಟ್ಟ ಪ್ರೀತಿಯನ್ನು ನಾನು ನಂಬುವುದಿಲ್ಲ.

ಪರೀಕ್ಷೆಹತ್ತಿರ

ಇದನ್ನು ಕ್ಲಾಸಿನಲ್ಲಿ ಡಾಕ್ಟರುಗಳ ತಪ್ಪು ಅಂತ ಮಾತ್ರ ಹೇಳಿದ್ದರು. ನರ್ಸ್ ಇದ್ದರು ಅಂತ ಗೊತ್ತೇ ಇರಲಿಲ್ಲ.

ಕೆಂಪುಪೆನ್ನು

ಹಳೆಸಿಸ್ಟರ್ ಬರೆದದ್ದು ಓದಿದೆ. ಎರಡೂ ಪ್ರಕರಣ ಒಂದೇ ಅಂತ ನನಗೆ ಅನ್ನಿಸುವುದಿಲ್ಲ. ಅಲ್ಲಿ ರೋಗಿಗೆ ಸುಳ್ಳು ಹೇಳಿದರು, ಇಲ್ಲಿ ಕಂಪನಿಗೆ. ಆದರೂ ದಾಖಲೆ ಕೆಟ್ಟರೆ ಚಿಕಿತ್ಸೆ ಕೆಡುತ್ತದೆ ಅನ್ನುವ ರಾತ್ರಿಪಾಳಿಯವರ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಹಾಗಾದರೆ ಪ್ರಾಮಾಣಿಕವಾಗಿ ಸಹಾಯ ಮಾಡುವ ದಾರಿ ಹೇಳಿ.

ಬಿಲ್ಲಿಂಗ್‌ಮೇಜು

ದಾರಿ ಇದೆ. ಪಾಲಿಸಿ ಕಾಗದ ತರಲು ಹೇಳಿ, ಕಾಯುವ ಅವಧಿ ನೋಡಿಸಿ. ಮುಂಚಿನ ಪಾಲಿಸಿಯಿಂದ ಬದಲಾಯಿಸಿಕೊಂಡಿದ್ದರೆ ಹಳೆ ಅವಧಿ ಲೆಕ್ಕಕ್ಕೆ ಬರುತ್ತದಾ ಕೇಳಿಸಿ. ಕ್ಲೇಮ್ ತಿರಸ್ಕಾರವಾದರೆ ಕಾರಣ ಬರವಣಿಗೆಯಲ್ಲಿ ಪಡೆಯಬೇಕು, ಮೇಲ್ಮನವಿ ಹಾಕಬೇಕು. ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಇದ್ದರೆ ಮೊದಲ ದಿನವೇ ಅವರ ಹತ್ತಿರ ಕಳಿಸಿ, ಬಿಲ್ ಆದ ಮೇಲಲ್ಲ. ದತ್ತಿ ನಿಧಿ, ಕಂತು, ಸರ್ಕಾರದ ನೆರವು ಎಲ್ಲ ಅವರಿಗೆ ಗೊತ್ತಿರುತ್ತದೆ.

ನರ್ಸ್‌ಗಳಿಗೆ ಒಂದು ದೊಡ್ಡ ವಿನಂತಿ. ಅವಧಿಯನ್ನು ಅಂದಾಜಿಗೆ ಬರೆಯಬೇಡಿ. ರೋಗಿ "ಐದಾರು ವರ್ಷ" ಅಂದರೆ ಉದ್ಧರಣ ಚಿಹ್ನೆಯೊಳಗೆ ಅದನ್ನೇ ಬರೆಯಿರಿ, ಯಾರು ಹೇಳಿದ್ದು ಅಂತಲೂ ಬರೆಯಿರಿ. ಯಾರೋ ಸುಮ್ನೆ "10 ವರ್ಷ" ಅಂತ ರೌಂಡ್ ಮಾಡಿ ಬರೆದದ್ದಕ್ಕೆ ಪ್ರಾಮಾಣಿಕರ ಕ್ಲೇಮ್ ಸಿಕ್ಕಿಹಾಕಿಕೊಂಡದ್ದು ಉಂಟು. ಸತ್ಯ ಬರೆಯುವುದು ರೋಗಿಯ ಪರವಾಗಿಯೂ ಕೆಲಸ ಮಾಡುತ್ತದೆ.

ರಾತ್ರಿಪಾಳಿ

ಇದಕ್ಕೆ ಸೇರಿಸುತ್ತೇನೆ. ನಿಜವಾಗಿಯೂ ತಪ್ಪಾಗಿ ಬರೆದಿದ್ದರೆ ತಿದ್ದಬಹುದು, ಅಳಿಸುವ ಹಾಗಿಲ್ಲ. ಕಾಗದವಾದರೆ ಒಂದೇ ಗೆರೆ ಎಳೆದು, ಓದಲು ಬರುವ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು, ತಾರೀಖು, ಸಮಯ, ಸಹಿ. ಕಂಪ್ಯೂಟರ್ ಆದರೆ ತಿದ್ದುಪಡಿ ಟಿಪ್ಪಣಿ ಸೇರಿಸಬೇಕು. ಯಾರು ಯಾವಾಗ ಏನು ಬದಲಿಸಿದರು ಅನ್ನುವುದು ಸಿಸ್ಟಮ್‌ನಲ್ಲಿ ಉಳಿಯುತ್ತದೆ.

ಬೆಡ್‌ಸೋರ್, ಅಂದರೆ ಮಲಗಿದ್ದಲ್ಲೇ ಒತ್ತಿ ಆಗುವ ಹುಣ್ಣಿನ ವಿಷಯ ಕೂಡ ಇದೇ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2008ರಿಂದ ಆಸ್ಪತ್ರೆಯಲ್ಲೇ ಆದ 3 ಮತ್ತು 4ನೇ ಹಂತದ ಹುಣ್ಣಿಗೆ ಹೆಚ್ಚುವರಿ ಹಣ ಕೊಡುವುದಿಲ್ಲ. ಬಂದ ದಿನವೇ ಬೆನ್ನು, ಹಿಮ್ಮಡಿ ನೋಡಿ ಬರೆದಿಲ್ಲ ಅಂದರೆ ಹುಣ್ಣು ಮೊದಲೇ ಇತ್ತು ಅಂತ ತೋರಿಸಲು ಆಗುವುದಿಲ್ಲ. ನೋಡುವುದೂ ಬರೆಯುವುದೂ ಒಟ್ಟಿಗೇ ಆಗಬೇಕು.

ಮೊದಲವರ್ಷ

ಮಗನಿಗೆ ಎದುರಿಗೆ ಏನು ಹೇಳಬೇಕು? ಮಾತು ಹೊರಡುವುದೇ ಕಷ್ಟ.

ಹಳೆಸಿಸ್ಟರ್

ನಾನು ಹೇಳುವ ರೀತಿ ಇದು. "ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ತಂದೆಯವರು ಹೇಳಿದ್ದನ್ನು ಬದಲಿಸಿದರೆ ಅವರಿಗೆ ತಪ್ಪು ಔಷಧ ಹೋಗುವ ಅಪಾಯ ಇದೆ, ಅದನ್ನು ನಾನು ಮಾಡಲಾರೆ. ಖರ್ಚಿನ ಬಗ್ಗೆ ಮಾತಾಡಲು ಒಬ್ಬರಿದ್ದಾರೆ, ಬನ್ನಿ, ಈಗಲೇ ಭೇಟಿ ಮಾಡಿಸುತ್ತೇನೆ." ಅಂದು ಜೊತೆಯಲ್ಲಿ ಹೋಗಬೇಕು. ಬೆರಳು ತೋರಿಸಿ ಕಳಿಸಬಾರದು.

ಪ್ರಶ್ನೆಚಿಹ್ನೆ

ಡಾಕ್ಟರಿಗೆ ಹೇಳುವಾಗ ಎಸ್‌ಬಿಎಆರ್ ಬಳಸು. ಪರಿಸ್ಥಿತಿ, ಹಿನ್ನೆಲೆ, ನೀನು ಕಂಡದ್ದು, ನಿನ್ನ ಸಲಹೆ. ಅಮೆರಿಕದ ನೌಕಾಪಡೆಯ ಸಬ್‌ಮೆರೀನ್‌ಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಅದು. ನಾಲ್ಕು ವಾಕ್ಯದಲ್ಲಿ ಮುಗಿಯುತ್ತದೆ.

ಸಹಿಯಾರದು

ಸತ್ಯದ ಮಾತು ಬಂದದ್ದಕ್ಕೆ ಕೇಳುತ್ತೇನೆ. ನಮ್ಮಲ್ಲಿ ಆಪರೇಷನ್ ಕನ್ಸೆಂಟ್ ಫಾರ್ಮ್ (ಒಪ್ಪಿಗೆ ಪತ್ರ) ಕೊಟ್ಟು "ಸಹಿ ಹಾಕಿಸಿಕೊಂಡು ಬಾ" ಅನ್ನುತ್ತಾರೆ. ರೋಗಿ "ಯಾವ ಆಪರೇಷನ್?" ಅಂತ ನಮ್ಮನ್ನೇ ಕೇಳುತ್ತಾರೆ. ವಿವರಿಸಿ ಸಹಿ ಹಾಕಿಸಬಹುದಾ?

ಟ್ಯೂಟರ್‌ಅಕ್ಕ

ಬೇಡ. ಆಪರೇಷನ್ ಏನು, ಅಪಾಯ ಏನು, ಬೇರೆ ದಾರಿ ಏನು, ಮಾಡಿಸದಿದ್ದರೆ ಏನು ಅಂತ ವಿವರಿಸುವುದು ಆಪರೇಷನ್ ಮಾಡುವವರ ಹೊಣೆ. ನರ್ಸ್ ಸಾಕ್ಷಿ ಹಾಕಿದರೆ ಅದರ ಅರ್ಥ ಇಷ್ಟೇ. ಸಹಿ ಮಾಡಿದವರು ಇವರೇ, ಬಲವಂತ ಇರಲಿಲ್ಲ, ಎಚ್ಚರದಲ್ಲಿದ್ದು ಅರ್ಥ ಮಾಡಿಕೊಂಡಂತೆ ಕಂಡಿತು. "ಯಾವ ಆಪರೇಷನ್" ಅಂತ ಕೇಳಿದರೆ ಅಲ್ಲೇ ನಿಲ್ಲಿಸು, ಡಾಕ್ಟರನ್ನು ಕರೆ, ಕರೆದದ್ದನ್ನು ಬರೆ. ನಿದ್ದೆ ಬರಿಸುವ ಪ್ರೀಮೆಡಿಕೇಶನ್ ಕೊಟ್ಟ ಮೇಲೆ ಸಹಿ ಹಾಕಿಸಲೇಬಾರದು.

ಸಹಿಯಾರದು

ಹಾಗೆ ನಿಲ್ಲಿಸಿದರೆ ಬೈಸಿಕೊಳ್ಳುವುದು ವಿದ್ಯಾರ್ಥಿಗಳೇ. ಸರಿ ಯಾವುದು ಅಂತ ಗೊತ್ತಿದ್ದೂ ಮಾಡಲು ಬಿಡುವುದಿಲ್ಲ.

ಹಳೆಸಿಸ್ಟರ್

ನೀನು ಹೇಳಿದ್ದಕ್ಕೆ ಮಾರಲ್ ಡಿಸ್ಟ್ರೆಸ್ ಅನ್ನುತ್ತಾರೆ. ಆ್ಯಂಡ್ರ್ಯೂ ಜೇಮ್ಟನ್ 1984ರಲ್ಲಿ ನರ್ಸ್‌ಗಳ ಬಗ್ಗೆಯೇ ಬರೆಯುತ್ತಾ ಇದನ್ನು ಗುರುತಿಸಿದರು. ಯಾವುದು ಸರಿ ಅಂತ ತಿಳಿಯದೆ ಒದ್ದಾಡುವುದು ಇಕ್ಕಟ್ಟು. ತಿಳಿದೂ ಮಾಡಲು ಆಗದಿರುವುದು ಇದು. ಒಬ್ಬರೇ ನುಂಗಿಕೊಳ್ಳಬೇಡಿ. ಟ್ಯೂಟರ್ ಹತ್ತಿರ ಹೋಗಿ, ನೀತಿ ಸಮಿತಿ ಇದ್ದರೆ ಅಲ್ಲಿಗೆ ಒಯ್ಯಿರಿ. ಈ ವೃತ್ತಿ ಬಿಟ್ಟುಹೋದ ಒಳ್ಳೆಯ ನರ್ಸ್‌ಗಳನ್ನು ಕಂಡಿದ್ದೇನೆ. ಕೆಲಸದ ಭಾರಕ್ಕಿಂತ ಇದು ಅವರನ್ನು ಜಾಸ್ತಿ ತಿಂದಿತ್ತು.

ಪರೀಕ್ಷೆಹತ್ತಿರ

ಡಿಎನ್‌ಆರ್ ಬರೆದ ರೋಗಿಯ ಹತ್ತಿರ ಯಾರೂ ಹೋಗುವುದೇ ಇಲ್ಲ, ಅದೂ ಇದೇ ಅಲ್ವಾ?

ರಾತ್ರಿಪಾಳಿ

ಅದು ತಿಳಿಯದೆ ಆಗುವ ಅನ್ಯಾಯ. ಡಿಎನ್‌ಆರ್ ಅಂದರೆ ಹೃದಯ ನಿಂತರೆ ಎದೆ ಒತ್ತಿ ಬದುಕಿಸಲು ನೋಡುವ ಸಿಪಿಆರ್ ಬೇಡ ಅಂತ, ಅಷ್ಟೇ. ನೋವಿಗೆ ಔಷಧ, ಆ್ಯಂಟಿಬಯಾಟಿಕ್, ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು, ಪಕ್ಕದಲ್ಲಿ ಕೂತು ಮಾತಾಡುವುದು ಯಾವುದೂ ನಿಲ್ಲುವುದಿಲ್ಲ. ಇದನ್ನು ಪಾಳಿ ಬದಲಾಗುವಾಗಲೆಲ್ಲ ಹೇಳಿ.

ಮೊದಲವರ್ಷ

ಕೊನೆಯದಾಗಿ ಒಂದು. ಕೆಲಸದಲ್ಲಿ ತಪ್ಪಾಯಿತು ಅಂತ ದೂರು ಬಂದರೆ ರಕ್ಷಣೆ ಕೊಡುವ ಇಂಡೆಮ್ನಿಟಿ ವಿಮೆ ನಮಗೇ ಅಂತ ಇರುತ್ತದಂತೆ. ವಿದ್ಯಾರ್ಥಿಗಳಿಗೆ ಬೇಕಾ?

ಬಿಲ್ಲಿಂಗ್‌ಮೇಜು

ಪೋಸ್ಟಿಂಗ್ ಸಮಯಕ್ಕೆ ಕಾಲೇಜಿನ ರಕ್ಷಣೆ ಇದೆಯಾ ಅಂತ ಮೊದಲು ಬರವಣಿಗೆಯಲ್ಲಿ ಕೇಳು. ಕೆಲಸಕ್ಕೆ ಸೇರಿದ ಮೇಲೆ ಆಸ್ಪತ್ರೆಯ ಪಾಲಿಸಿ ಸಾಮಾನ್ಯವಾಗಿ ನಿನ್ನ ಕೆಲಸದ ವ್ಯಾಪ್ತಿಯೊಳಗಿನದ್ದನ್ನು ಮಾತ್ರ ನೋಡಿಕೊಳ್ಳುತ್ತದೆ. ಲೈಸೆನ್ಸ್ ವಿಚಾರಣೆ ಬಂದರೆ ವಕೀಲರ ಖರ್ಚು ಅದರಲ್ಲಿ ಸೇರದೆ ಇರಬಹುದು.

ಸ್ವಂತ ಪಾಲಿಸಿ ತೆಗೆದುಕೊಂಡರೆ ಎರಡು ಬಗೆ ಇವೆ. ಅಕರೆನ್ಸ್ ಬಗೆಯಲ್ಲಿ ಘಟನೆ ಪಾಲಿಸಿ ಇದ್ದಾಗ ನಡೆದಿದ್ದರೆ ಸಾಕು, ದೂರು ಎಷ್ಟೋ ವರ್ಷ ಬಿಟ್ಟು ಬಂದರೂ ರಕ್ಷಣೆ ಉಂಟು. ಕ್ಲೇಮ್ಸ್-ಮೇಡ್ ಬಗೆಯಲ್ಲಿ ದೂರು ಬರುವಾಗಲೂ ಪಾಲಿಸಿ ಜೀವಂತವಾಗಿರಬೇಕು. ಕೆಲಸ ಬಿಟ್ಟು ಪಾಲಿಸಿ ನಿಲ್ಲಿಸುವವರು ಆಮೇಲೆ ಬರುವ ದೂರಿಗೆ ಟೇಲ್ ಕವರ್ ಅಂತ ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕು. ಮಾರುವವರು ಇದನ್ನು ತಾವಾಗಿ ಹೇಳುವುದು ಕಡಿಮೆ, ನೀನೇ ಕೇಳು.

ಸಹಿಯಾರದು

ನಾಳೆಯೇ ನಮ್ಮ ಕಾಲೇಜಿನಲ್ಲಿ ಕೇಳುತ್ತೇನೆ. ಏನು ಉತ್ತರ ಕೊಡುತ್ತಾರೆ ಅಂತ ಇಲ್ಲಿ ಹಾಕುತ್ತೇನೆ, ಬೇರೆಯವರೂ ಕೇಳಿ ಹಾಕಿ.